'ಮೇಲೆ' ಎಂದಲ್ಲೆಲ್ಲ 'ಆನ್' ಹಾಕಬೇಡಿ

ಮಹಾರಾಷ್ಟ್ರದ ಮನ್ಮಾಡಿನ ರೈಲ್ವೆ ಕಾಲೊನಿಯಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ನಿಮ್ಮ ಕಾಕಾ ಹೇಳುವ ಕಿವಿಮಾತು ಇದು. ಬ್ಯಾಂಕಿನ ಪರೀಕ್ಷೆ, ಎಸ್‌ಎಸ್‌ಸಿ, ಐಇಎಲ್‌ಟಿಎಸ್ ಎಂದು ನೀವು ಬರೆದು ತಂದು ತೋರಿಸುವ ಹಾಳೆಗಳಲ್ಲಿ ಶಬ್ದಗಳಿಗೆ ಬರವಿಲ್ಲ, ಸ್ಪೆಲಿಂಗೂ ಬಹುಮಟ್ಟಿಗೆ ಸರಿ. ಪೆಟ್ಟು ಬೀಳುವುದು ಆನ್, ಇನ್, ಆಫ್, ಟು, ಫಾರ್ ಎಂಬ ಚಿಲ್ಲರೆ ಪದಗಳಲ್ಲಿ. ಅದರಲ್ಲೂ ಅಭಿಪ್ರಾಯ, ನಂಬಿಕೆ, ಅನುಮಾನ, ಆಕ್ಷೇಪ, ಗೌರವ ಇಂಥ ಮನಸ್ಸಿನೊಳಗಿನ ಮಾತಿಗೆ ಇಂಗ್ಲಿಷಿನ ನಾಮಪದ ಬಂತೆಂದರೆ ಅದರ ಬೆನ್ನಿಗೆ ಯಾವ ಪ್ರಿಪೊಸಿಷನ್ ಹಾಕಬೇಕೆಂದು ತಡವರಿಸುತ್ತೀರಿ. ಎಸ್‌ಎಸ್‌ಸಿಯ ಸಿಜಿಎಲ್ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, ತಲಾ 2 ಅಂಕ. ತಪ್ಪು ಉತ್ತರಕ್ಕೆ ಆ 2 ಅಂಕವೂ ಇಲ್ಲ, ಮೇಲೆ ಅರ್ಧ ಅಂಕ ದಂಡ.

ಇದು ದಡ್ಡತನದಿಂದ ಆಗುವ ತಪ್ಪಲ್ಲ, ಇದರ ಬೇರು ನಾವು ಈ ಊರಿಗೆ ಬಂದ ದಾರಿಯಲ್ಲೇ ಇದೆ. ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಲೈನು 1871ರಲ್ಲಿ ರಾಯಚೂರು ಮುಟ್ಟಿತು. 1878ರಲ್ಲಿ ದೌಂಡ್–ಮನ್ಮಾಡ್ ಲೈನು ತೆರೆಯಿತು. ಕಲಬುರಗಿ, ಸೊಲ್ಲಾಪುರದ ಕಡೆಯವರಿಗೆ ಮನ್ಮಾಡಿನ ದಾರಿ ಅಂದಿನಿಂದ ಅದೇ. ಈಗ ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಓಡುವುದೂ ಅಲ್ಲೇ. ಹಾಗೆ ಬಂದು ನಿಂತ ನಮ್ಮಂಥವರ ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಸ್ಟೇಶನ್ನಿನಲ್ಲಿ ಹಿಂದಿ. ಕನ್ನಡದಲ್ಲಿ 'ಅವನ ಮೇಲೆ ನಂಬಿಕೆ', ಮರಾಠಿಯಲ್ಲಿ 'ತ್ಯಾಚ್ಯಾವರ್ ವಿಶ್ವಾಸ್', ಹಿಂದಿಯಲ್ಲಿ 'ಉಸ್ ಪರ್ ಭರೋಸಾ'. ಮೂರೂ ಭಾಷೆ ಸೇರಿ ನಿಮ್ಮ ಕಿವಿಯಲ್ಲಿ 'ಮೇಲೆ' ಎಂದು ಊದಿರುವಾಗ ಪೆನ್ನು ತಾನಾಗಿ 'ಟ್ರಸ್ಟ್ ಆನ್ ಹಿಮ್' ಎಂದು ಬರೆಯುತ್ತದೆ. ಇಂಗ್ಲಿಷ್ ಕೇಳುವುದು 'ಟ್ರಸ್ಟ್ ಇನ್ ಹಿಮ್'.

ರೈಲ್ವೆ ಆಫೀಸಿನಲ್ಲಿ ಫೈಲಿನ ಮೇಲೆ ನೋಟು ಬರೆದೂ ಬರೆದೂ ತಲೆ ಹಣ್ಣಾದವನ ಅನುಭವ ಇಷ್ಟೇ: ನಾಮಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಪ್ರಿಪೊಸಿಷನ್ ಸಮೇತ ಒಂದೇ ಶಬ್ದವೆಂದು ಬಾಯಿಪಾಠ ಮಾಡಿ. ಉಳಿದ ಮಾತೆಲ್ಲ ಈ ಒಂದು ಮಾತಿನ ವಿಸ್ತಾರ.

ಮೊದಲು ನಮ್ಮ ಭಾಷೆಯ ಕಡೆಯಿಂದ

• 'ಮೇಲೆ' ಕಂಡಲ್ಲಿ ಕೈ ತಡೆಯಿರಿ. ನಮ್ಮ ಒಂದು 'ಮೇಲೆ' ಇಂಗ್ಲಿಷಿಗೆ ಹೋಗುವಾಗ ಐದಾರು ದಾರಿ ಹಿಡಿಯುತ್ತದೆ. ಅವನ ಮೇಲೆ ನಂಬಿಕೆ ಎಂದರೆ 'ಟ್ರಸ್ಟ್ ಇನ್ ಹಿಮ್'. ಅವನ ಮೇಲೆ ಪ್ರೀತಿ 'ಲವ್ ಫಾರ್ ಹಿಮ್'. ಅವನ ಮೇಲೆ ಅನುಮಾನ 'ಸಸ್ಪಿಷನ್ ಆಫ್ ಹಿಮ್'. ಅವನ ಮೇಲೆ ದೂರು 'ಕಂಪ್ಲೇಂಟ್ ಅಗೇನ್ಸ್ಟ್ ಹಿಮ್'. ಅವನ ಮೇಲೆ ಸಿಟ್ಟು 'ಆಂಗರ್ ಟುವರ್ಡ್ಸ್ ಹಿಮ್'. ಅವನ ಮೇಲೆ ಪ್ರಭಾವ ಎಂಬಲ್ಲಿ ಮಾತ್ರ 'ಇನ್‌ಫ್ಲುಯೆನ್ಸ್ ಆನ್ ಹಿಮ್'. ಈ ಆರನ್ನು ಒಂದು ಚೀಟಿಯಲ್ಲಿ ಬರೆದು ಅಭ್ಯಾಸದ ಮೇಜಿನ ಮುಂದೆ ಅಂಟಿಸಿಕೊಳ್ಳಿ. ಅರ್ಧ ರೋಗಕ್ಕೆ ಅದೇ ಮದ್ದು.

• 'ಬಗ್ಗೆ', 'ಕುರಿತು' ಬಂದಲ್ಲಿ 'ಆನ್' ಅಥವಾ 'ಅಬೌಟ್' ನೆನಪಾಗಲಿ. ಇಂಗ್ಲಿಷಿನ 'ಆನ್' ನಮ್ಮ 'ಮೇಲೆ'ಗಿಂತ ಹೆಚ್ಚಾಗಿ ನಮ್ಮ 'ಬಗ್ಗೆ'ಗೆ ಹತ್ತಿರ. ಒಪಿನಿಯನ್ ಆನ್, ವ್ಯೂಸ್ ಆನ್, ಥಾಟ್ಸ್ ಆನ್, ಕಾಮೆಂಟ್ ಆನ್, ರಿಪೋರ್ಟ್ ಆನ್, ಅಡ್ವೈಸ್ ಆನ್. ಗಂಭೀರ ಬರಹಕ್ಕೆ 'ಆನ್' ಒಪ್ಪುತ್ತದೆ, ದಿನನಿತ್ಯದ ಮಾತಿಗೆ 'ಅಬೌಟ್' ಸಾಕು.

• 'ಗೆ', 'ಕ್ಕೆ' ಬಂದಲ್ಲಿ ಧೈರ್ಯವಾಗಿ 'ಟು' ಹಾಕಿ. ಇಲ್ಲಿ ಕನ್ನಡ ನಿಮ್ಮ ಕೈ ಬಿಡುವುದಿಲ್ಲ. ಅದಕ್ಕೆ ಆಕ್ಷೇಪ, ಅದಕ್ಕೆ ವಿರೋಧ, ಅದಕ್ಕೆ ಪ್ರತಿಕ್ರಿಯೆ, ಪ್ರಶ್ನೆಗೆ ಉತ್ತರ, ಸಮಸ್ಯೆಗೆ ಪರಿಹಾರ, ಅದಕ್ಕೆ ಪರ್ಯಾಯ ಎಂದು ನಾವು ಹೇಳುವ ಕಡೆಯೆಲ್ಲ ಇಂಗ್ಲಿಷಿನವರು ಆಬ್ಜೆಕ್ಷನ್ ಟು, ಆಪೊಸಿಷನ್ ಟು, ರಿಯಾಕ್ಷನ್ ಟು, ಆನ್ಸರ್ ಟು, ಸೊಲ್ಯೂಷನ್ ಟು, ಆಲ್ಟರ್ನೇಟಿವ್ ಟು ಎನ್ನುತ್ತಾರೆ. ಎಡವುವುದು ಹೆಚ್ಚಾಗಿ ಎರಡು ಕಡೆ, ಅವನ್ನು ಬೇರೆ ಇಟ್ಟುಕೊಳ್ಳಿ: ಅದಕ್ಕೆ ಬೆಂಬಲ 'ಸಪೋರ್ಟ್ ಫಾರ್', ಅದಕ್ಕೆ ಕಾರಣ 'ರೀಸನ್ ಫಾರ್'. ಐಇಎಲ್‌ಟಿಎಸ್ ಬರವಣಿಗೆಯ ಎರಡನೇ ಪ್ರಶ್ನೆಯಲ್ಲಿ ನಿಮ್ಮ ಉತ್ತರಕ್ಕೆ ಕಾರಣ ಕೊಡಿ ಎಂದು ಕೇಳುವಾಗಲೂ 'ಫಾರ್' ಇರುತ್ತದೆ, ಕಣ್ಣಿಟ್ಟು ನೋಡಿ.

• 'ಅ', 'ಇನ', 'ಯ' ಎಂಬ ಷಷ್ಠಿ ಬಂದಲ್ಲಿ 'ಆಫ್'. ಹುಲಿಯ ಭಯ 'ಫಿಯರ್ ಆಫ್', ಕಾನೂನಿನ ಜ್ಞಾನ 'ನಾಲೆಜ್ ಆಫ್', ಸರ್ಕಾರದ ಟೀಕೆ 'ಕ್ರಿಟಿಸಿಸಮ್ ಆಫ್'. ಟೀಕೆಗೆ ನಾವು 'ಮೇಲೆ'ಯನ್ನೂ ಬಳಸುತ್ತೇವೆ, 'ಸರ್ಕಾರದ ಮೇಲೆ ಟೀಕೆ' ಎನ್ನುತ್ತೇವೆ. ಇಂಗ್ಲಿಷಿಗೆ ಹೋಗುವಾಗ ಷಷ್ಠಿಯನ್ನೇ ಹಿಡಿಯಿರಿ.

• ಮುಂದೆ ಬರುವುದೇನು ಎಂದು ಮೊದಲು ಕೇಳಿಕೊಳ್ಳಿ. ನಮ್ಮ ಜಂಕ್ಷನ್ನಿನಲ್ಲಿ ಭುಸಾವಳ, ನಾಶಿಕ್, ದೌಂಡ್, ಸಂಭಾಜಿನಗರ ನಾಲ್ಕು ದಿಕ್ಕಿಗೂ ಗಾಡಿ ಬಿಡುತ್ತದೆ. ಯಾವ ಪ್ಲಾಟ್‌ಫಾರ್ಮ್ ಎಂದು ಕೇಳಿದವರಿಗೆ ನಾವು ಮೊದಲು ಕೇಳುವುದು 'ಎಲ್ಲಿಗೆ ಹೊಂಟೀರಿ?' ಎಂದೇ. ಪ್ರಿಪೊಸಿಷನ್ನಿಗೂ ಅದೇ ಪ್ರಶ್ನೆ. ನಾಮಪದದ ಆಚೆ ಇರುವುದು ಮನುಷ್ಯನೇ, ವಿಷಯವೇ, ಮಾಡುವ ಕೆಲಸವೇ? ಒಂದೇ 'ಅಗ್ರೀಮೆಂಟ್' ಮನುಷ್ಯನ ಜೊತೆಗಾದರೆ 'ವಿತ್', ವಿಷಯದ ಬಗೆಗಾದರೆ 'ಆನ್', ಇಬ್ಬರ ನಡುವಿನದಾದರೆ 'ಬಿಟ್ವೀನ್'.

ಒಂದೊಂದು ಶಬ್ದವನ್ನೂ ಅದರ ಬಾಲ ಸಮೇತ

• ಒಪಿನಿಯನ್. ವಿಷಯದ ಬಗ್ಗೆಯಾದರೆ 'ಆನ್' ಅಥವಾ 'ಅಬೌಟ್': 'ಹರ್ ಒಪಿನಿಯನ್ ಆನ್ ದ ನ್ಯೂ ಟೈಮ್‌ಟೇಬಲ್'. ಮನುಷ್ಯನನ್ನೋ ವಸ್ತುವನ್ನೋ ತೂಗಿ ನೋಡಿದ ಮಾತಾದರೆ 'ಆಫ್': 'ಶಿ ಹ್ಯಾಸ್ ಎ ಹೈ ಒಪಿನಿಯನ್ ಆಫ್ ಹರ್ ಟೀಚರ್'. ಹೈ, ಲೋ, ಗುಡ್, ಪೂರ್ ಎಂಬ ವಿಶೇಷಣ ಮುಂದೆ ನಿಂತಿದ್ದರೆ ಹಿಂದೆ 'ಆಫ್' ಇದ್ದೇ ಇರುತ್ತದೆಂದು ತಿಳಿಯಿರಿ. ಯಾರ ಅಭಿಪ್ರಾಯ ಎಂದು ಹೇಳುವುದಕ್ಕೂ 'ಆಫ್' ಬರುವುದರಿಂದ 'ದ ಒಪಿನಿಯನ್ ಆಫ್ ದ ಸ್ಟೇಷನ್ ಮಾಸ್ಟರ್' ಎಂದರೆ ಮಾಸ್ತರರು ಹೇಳಿದ್ದೋ, ಮಾಸ್ತರರ ಬಗ್ಗೆ ಜನ ಹೇಳಿದ್ದೋ ತಿಳಿಯದೆ ಹೋಗಬಹುದು. ಸಂವಿಧಾನದ 143ನೆಯ ವಿಧಿ ಈ ಗೊಂದಲಕ್ಕೆ ಎಡೆಗೊಡದೆ ಬರೆದಿದೆ. ರಾಷ್ಟ್ರಪತಿ ಸುಪ್ರೀಂ ಕೋರ್ಟಿನ ಸಲಹೆ ಕೇಳುವ ವಿಧಿ ಅದು. ಅಭಿಪ್ರಾಯ ಯಾರದು ಎಂಬಲ್ಲಿ 'ಆಫ್', ಯಾವ ಪ್ರಶ್ನೆಯ ಬಗ್ಗೆ ಎಂಬಲ್ಲಿ 'ಅಪಾನ್'. ಈ 'ಅಪಾನ್' ನಮ್ಮ 'ಆನ್'ನ ಅಣ್ಣ, ಕೋರ್ಟು ಕಚೇರಿಯಲ್ಲೇ ಹೆಚ್ಚು ಓಡಾಡುತ್ತಾನೆ. ನೀವು 'ಆನ್' ಬರೆದರೆ ಸಾಕು.

• ವ್ಯೂ. ಕಣ್ಣಿಗೆ ಕಾಣುವುದಕ್ಕೆ 'ಆಫ್', ಮನಸ್ಸಿಗೆ ತೋಚುವುದಕ್ಕೆ 'ಆನ್'. ದೌಂಡ್ ಕಡೆ ಹೋಗುವ ಗಾಡಿಯ ಕಿಟಕಿಯಿಂದ ಅಂಕಾಯಿ ಕೋಟೆ ಕಂಡರೆ ಅದು 'ಎ ವ್ಯೂ ಆಫ್ ದ ಫೋರ್ಟ್'. ಆ ಕೋಟೆಯನ್ನು ಹೇಗೆ ಕಾಪಾಡಬೇಕೆಂದು ನಿಮಗೊಂದು ಮಾತಿದ್ದರೆ ಅದು 'ಮೈ ವ್ಯೂಸ್ ಆನ್ ದ ಫೋರ್ಟ್'. ಅಭಿಪ್ರಾಯದ ಅರ್ಥದಲ್ಲಿ ಹೆಚ್ಚಾಗಿ ಬಹುವಚನ, 'ವ್ಯೂಸ್'. ಬದುಕನ್ನೋ ಜಗತ್ತನ್ನೋ ಒಟ್ಟಾಗಿ ಕಾಣುವ ಬಗೆಯಾದರೆ ಮತ್ತೆ 'ಆಫ್': 'ಹಿಸ್ ವ್ಯೂ ಆಫ್ ಲೈಫ್'. 'ಇನ್ ವ್ಯೂ ಆಫ್' ಎಂದರೆ ಅಭಿಪ್ರಾಯವಲ್ಲ, 'ಅದನ್ನು ಗಮನಿಸಿ, ಆ ಕಾರಣದಿಂದ' ಎಂದು. ಆಫೀಸಿನ ಆದೇಶಗಳು ಅರ್ಧಕ್ಕರ್ಧ ಅದರಿಂದಲೇ ಶುರುವಾಗುತ್ತವೆ.

• ಥಾಟ್ ಮತ್ತು ಐಡಿಯಾ. ಹೇಳಲು ಮಾತಿದ್ದರೆ 'ಥಾಟ್ಸ್ ಆನ್'. ನೆನೆಸಿಕೊಂಡರೇ ಬೆವರು ಬರುವಂಥದ್ದಾದರೆ 'ದ ಥಾಟ್ ಆಫ್': 'ದ ಥಾಟ್ ಆಫ್ ಮೇ ಇನ್ ಮನ್ಮಾಡ್'. ಐಡಿಯಾಕ್ಕೆ ತಿಳಿವಳಿಕೆಯ ಅರ್ಥವಿದ್ದರೆ 'ಆಫ್' ಅಥವಾ 'ಅಬೌಟ್', ಹೊಸ ಯೋಜನೆಯಾದರೆ 'ಫಾರ್'. ಖರ್ಚಿನ ಅಂದಾಜಿಲ್ಲ ಎನ್ನಲು 'ನೋ ಐಡಿಯಾ ಆಫ್ ದ ಕಾಸ್ಟ್'. ನಾಟಕಕ್ಕೊಂದು ಹೊಳಹು ಎನ್ನಲು 'ಆ್ಯನ್ ಐಡಿಯಾ ಫಾರ್ ಎ ಪ್ಲೇ'.

• ಬಿಲೀಫ್, ಫೇಥ್, ಟ್ರಸ್ಟ್, ಕಾನ್ಫಿಡೆನ್ಸ್. ನಾಲ್ಕಕ್ಕೂ 'ಇನ್'. ಬೇರೆ ಯೋಚನೆಯೇ ಬೇಡ. ಶಿರಡಿಗೆಂದು ಕೋಪರಗಾಂವ್‌ನಲ್ಲೋ ಮನ್ಮಾಡಿನಲ್ಲೋ ಇಳಿಯುವ ಭಕ್ತರದ್ದು 'ಫೇಥ್ ಇನ್ ಬಾಬಾ', 'ಫೇಥ್ ಆನ್' ಅಲ್ಲ. ಲೋಕಸಭೆಯಲ್ಲಿ ಅವಿಶ್ವಾಸ ನಿರ್ಣಯ ಬಂದಾಗ ಇಂಗ್ಲಿಷ್ ಪತ್ರಿಕೆ ತೆರೆದು ನೋಡಿ. ನಿರ್ಣಯ, ಅಂದರೆ 'ಮೋಷನ್', ಸರ್ಕಾರದ 'ಅಗೇನ್ಸ್ಟ್' ಇರುತ್ತದೆ. ಇಲ್ಲವಾದ ವಿಶ್ವಾಸ, ಅಂದರೆ 'ಕಾನ್ಫಿಡೆನ್ಸ್', ಮಂತ್ರಿಮಂಡಲದ 'ಇನ್' ಇರುತ್ತದೆ. ಒಂದೇ ಸುದ್ದಿಯಲ್ಲಿ ಎರಡು ನಾಮಪದ, ಎರಡು ಪ್ರಿಪೊಸಿಷನ್. ಪ್ರತಿಯೊಂದೂ ತನ್ನದೇ ಬಾಲ ಹಿಡಿದು ಬರುತ್ತದೆ.

• ಡೌಟ್. ಇದಕ್ಕೆ 'ಅಬೌಟ್'. 'ಡೌಟ್ ಇನ್ ಮ್ಯಾಥ್ಸ್' ಎಂದು ಕ್ಲಾಸಿನಲ್ಲಿ ಕೈ ಎತ್ತುವುದು ನಮ್ಮ ದೇಶದ ರೂಢಿ. ತಿಳಿಯದ್ದನ್ನು ಕೇಳುವ ಅರ್ಥದಲ್ಲಿ ಹೊರಗಿನವರು 'ಕ್ವೆಶ್ಚನ್ ಅಬೌಟ್' ಎನ್ನುತ್ತಾರೆ. ಅವರ ಕಿವಿಗೆ 'ಐ ಹ್ಯಾವ್ ಎ ಡೌಟ್' ಎಂದರೆ 'ನೀವು ಹೇಳಿದ್ದು ನಿಜವೇ ಎಂಬ ಅನುಮಾನ ನನಗಿದೆ' ಎಂದು ಕೇಳಿಸಬಹುದು. ಸಂದರ್ಶನಕ್ಕೆ ಕೂತಾಗ ಇದೊಂದು ನೆನಪಿರಲಿ.

• ಆಬ್ಜೆಕ್ಷನ್. ಇದು ಆಫೀಸಿನ ಅನ್ನ ತಿಂದವರ ಶಬ್ದ. ಪಾಸ್‌ಪೋರ್ಟಿಗೂ ಬೇರೆ ಕಡೆ ನೌಕರಿಗೆ ಅರ್ಜಿ ಹಾಕುವುದಕ್ಕೂ ಸರ್ಕಾರಿ ನೌಕರರು ಎನ್‌ಒಸಿ ತರಿಸುತ್ತಾರಲ್ಲ, ಅದರೊಳಗಿನ ಸಾಲು 'ನೋ ಆಬ್ಜೆಕ್ಷನ್ ಟು ಹಿಸ್ ಅಪ್ಲೈಯಿಂಗ್'. ಇಲ್ಲಿ 'ಟು ಅಪ್ಲೈ' ಎಂದು ಬರೆದರೆ ಕಟ್ಟುನಿಟ್ಟಿನ ಅಧಿಕಾರಿಯ ಮೇಜಿನಿಂದ ಕೆಂಪು ಶಾಯಿಯ ಗೆರೆ ಬಿದ್ದು ಫೈಲು ಮರಳುತ್ತದೆ. ಆ ಗೆರೆಯ ಕಾರಣ ಮುಂದೆ ಹೇಳುತ್ತೇನೆ. ಇದೇ ಗುಂಪಿನಲ್ಲಿ ಆಪೊಸಿಷನ್, ರೆಸಿಸ್ಟೆನ್ಸ್, ರಿಯಾಕ್ಷನ್, ರೆಸ್ಪಾನ್ಸ್, ಅಪ್ರೋಚ್ ಎಲ್ಲಕ್ಕೂ 'ಟು'.

• ಆಟಿಟ್ಯೂಡ್. 'ಟು' ಅಥವಾ 'ಟುವರ್ಡ್ಸ್', ಎರಡೂ ನಡೆಯುತ್ತವೆ. ಅಮೆರಿಕದ ಪುಸ್ತಕದಲ್ಲಿ ಕೊನೆಯ 'ಸ್' ಇಲ್ಲದ 'ಟುವರ್ಡ್' ಕಂಡರೆ ಅಚ್ಚಿನ ತಪ್ಪೆಂದು ತಿದ್ದಬೇಡಿ.

• ರೆಸ್ಪೆಕ್ಟ್, ಅಡ್ಮಿರೇಷನ್, ಪ್ರಿಫರೆನ್ಸ್, ಲೈಕಿಂಗ್, ಕಂಟೆಂಪ್ಟ್. ಗೌರವದಿಂದ ತಿರಸ್ಕಾರದವರೆಗೆ ಇವೆಲ್ಲ 'ಫಾರ್' ಹಿಡಿಯುತ್ತವೆ. 'ಗುರುಗಳ ಮೇಲೆ ಗೌರವ' ಎನ್ನುವ ರೂಢಿಯಿಂದ 'ರೆಸ್ಪೆಕ್ಟ್ ಆನ್' ಎಂದು ಬರೆಯುವವರನ್ನು ಕಂಡಿದ್ದೇನೆ, 'ಫಾರ್' ಎಂದು ತಿದ್ದಿಕೊಳ್ಳಿ. ಆದರೆ 'ವಿತ್ ರೆಸ್ಪೆಕ್ಟ್ ಟು' ಎಂದು ಫೈಲಿನಲ್ಲಿ ಕಂಡರೆ ಅಲ್ಲಿ ಗೌರವ ಗಿರವ ಏನೂ ಇಲ್ಲ. 'ಅದಕ್ಕೆ ಸಂಬಂಧಿಸಿದಂತೆ' ಎಂದಷ್ಟೇ.

• ಅಪ್ರೂವಲ್, ಕ್ರಿಟಿಸಿಸಮ್, ಅವೇರ್‌ನೆಸ್, ಇಂಪ್ರೆಷನ್. ಇವು 'ಆಫ್' ಗುಂಪು. 'ಮೈ ಫಸ್ಟ್ ಇಂಪ್ರೆಷನ್ ಆಫ್ ಬೆಂಗಳೂರು' ಎಂದು ಪ್ರಬಂಧ ಬರೆಯಬಹುದು. ತಪ್ಪಾಗಿ ಏನೋ ಅಂದುಕೊಂಡಿದ್ದೆ ಎನ್ನಲು 'ಅಂಡರ್ ದ ಇಂಪ್ರೆಷನ್ ದಟ್'.

• ಅಗ್ರೀಮೆಂಟ್ ಮತ್ತು ಡಿಸ್‌ಅಗ್ರೀಮೆಂಟ್. ಜನಕ್ಕೆ 'ವಿತ್', ವಿಷಯಕ್ಕೆ 'ಆನ್'. ಜಗಳದ ವಿಷಯಕ್ಕೆ 'ಓವರ್' ಅಥವಾ 'ಅಬೌಟ್'. ನಮಗೆ ಹತ್ತಿರದ ಉದಾಹರಣೆ ಕರ್ನಾಟಕ–ಮಹಾರಾಷ್ಟ್ರದ ಗಡಿ ಪ್ರಶ್ನೆಯೇ. 1966ರಲ್ಲಿ ಮಹಾಜನ್ ಆಯೋಗ ನೇಮಕವಾಯಿತು, 1967ರಲ್ಲಿ ವರದಿ ಕೊಟ್ಟಿತು. ಅಂದಿನಿಂದ ಮಹಾರಾಷ್ಟ್ರದ್ದು 'ಆಬ್ಜೆಕ್ಷನ್ ಟು ದ ರಿಪೋರ್ಟ್', ಕರ್ನಾಟಕದ್ದು 'ಸಪೋರ್ಟ್ ಫಾರ್ ದ ರಿಪೋರ್ಟ್', ಎರಡೂ ರಾಜ್ಯಗಳ ನಡುವೆ 'ಡಿಸ್‌ಅಗ್ರೀಮೆಂಟ್ ಓವರ್ ದ ಬಾರ್ಡರ್'. ಸ್ಟೇಶನ್ ಎದುರಿನ ಚಹಾದಂಗಡಿಯಲ್ಲಿ 'ನೀವು ಕಾನಡಿ, ನಿಮ್ಮ ಮತ ಏನು?' ಎಂದು ಯಾರಾದರೂ ಕೆಣಕಿದರೆ 'ನೋ ಕಾಮೆಂಟ್ ಆನ್ ದಟ್' ಎಂದು ಹೇಳಿ ಚಹಾ ಮುಗಿಸಿ ಎದ್ದು ಬನ್ನಿ. ವ್ಯಾಕರಣವೂ ಉಳಿಯುತ್ತದೆ, ಸ್ನೇಹವೂ ಉಳಿಯುತ್ತದೆ.

• ಕಂಪ್ಲೇಂಟ್. ಇದಕ್ಕೆ ಮೂರು ಬಾಲ, ಮೂರೂ ಒಂದೇ ಅರ್ಜಿಯಲ್ಲಿ ಬರಬಹುದು. ಯಾರಿಗೆ ಕೊಡುತ್ತೀರೋ ಅವರಿಗೆ 'ಟು', ಯಾವ ವಿಷಯವೋ ಅದಕ್ಕೆ 'ಅಬೌಟ್', ಯಾರ ವಿರುದ್ಧವೋ ಅವರಿಗೆ 'ಅಗೇನ್ಸ್ಟ್'. ನಲ್ಲಿ ನೀರಿನ ದೂರನ್ನು ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಿ. ಈ ಊರಿನಲ್ಲಿ ನೀರಿನ ಬಗ್ಗೆ ಬರೆಯಲು ಯಾರಿಗೂ ಮಾತು ಸಾಲದೆ ಹೋಗುವುದಿಲ್ಲ. 'ಅಬೌಟ್' ನೀರಿಗೆ, 'ಅಗೇನ್ಸ್ಟ್' ಮನುಷ್ಯನಿಗೆ. ಇವನ್ನು ಅದಲುಬದಲು ಮಾಡಿದರೆ ನೀರು ಆರೋಪಿಯಾಗಿ ಕೂರುತ್ತದೆ.

ಪರೀಕ್ಷೆಯವರು ಹೊಂಚು ಹಾಕುವ ಜಾಗಗಳು

• ನಾಮಪದಕ್ಕೆ ಬಾಲ ಇದೆ, ಕ್ರಿಯಾಪದಕ್ಕೆ ಇಲ್ಲ. ಸಾಲಿನಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಕಾಣುವ ಬಲೆ ಇದು. 'ಎ ಡಿಸ್ಕಷನ್ ಅಬೌಟ್ ದ ಬಜೆಟ್' ಸರಿ, 'ವಿ ಡಿಸ್ಕಸ್ಡ್ ಅಬೌಟ್ ದ ಬಜೆಟ್' ತಪ್ಪು. 'ಡಿಮ್ಯಾಂಡ್ ಫಾರ್' ನಾಮಪದ, ಕ್ರಿಯೆಯಾದಾಗ ಬರಿಯ 'ಡಿಮ್ಯಾಂಡ್'. ರಿಕ್ವೆಸ್ಟ್ ಫಾರ್, ಎಂಫಸಿಸ್ ಆನ್, ಆನ್ಸರ್ ಟು, ಅಪ್ರೋಚ್ ಟು, ರೆಸ್ಪೆಕ್ಟ್ ಫಾರ್, ಸಪೋರ್ಟ್ ಫಾರ್, ಲ್ಯಾಕ್ ಆಫ್, ಟ್ರಸ್ಟ್ ಇನ್ ಇವೆಲ್ಲವುಗಳ ಕ್ರಿಯಾರೂಪಕ್ಕೆ ಸಾಮಾನ್ಯವಾಗಿ ಏನೂ ಬೇಡ.

• ಎರಡೂ ರೂಪಕ್ಕೆ ಬಾಲ ಉಳಿಸಿಕೊಂಡವನ್ನು ಪ್ರತ್ಯೇಕ ಬರೆದಿಟ್ಟುಕೊಳ್ಳಿ: ಆಬ್ಜೆಕ್ಟ್ ಟು, ರಿಯಾಕ್ಟ್ ಟು, ರೆಸ್ಪಾಂಡ್ ಟು, ಕಾಮೆಂಟ್ ಆನ್, ಅಗ್ರೀ ವಿತ್. 'ಬಿಲೀವ್' ಮಾತ್ರ ಎರಡು ಬಗೆ. 'ಬಿಲೀವ್ ಹಿಮ್' ಎಂದರೆ ಅವನು ಹೇಳಿದ ಮಾತು ನಿಜವೆಂದು ನಂಬುವುದು. 'ಬಿಲೀವ್ ಇನ್ ಹಿಮ್' ಎಂದರೆ ಆ ಮನುಷ್ಯನ ಯೋಗ್ಯತೆಯಲ್ಲೇ ಭರವಸೆ ಇಡುವುದು.

• 'ದಟ್' ಬಂದರೆ ಪ್ರಿಪೊಸಿಷನ್ ಇಳಿದು ಹೋಗುತ್ತದೆ. 'ಬಿಲೀಫ್ ಇನ್ ಗಾಡ್', ಆದರೆ 'ದ ಬಿಲೀಫ್ ದಟ್ ಗಾಡ್ ಎಕ್ಸಿಸ್ಟ್ಸ್'. ನಡುವೆ 'ಇನ್' ತುರುಕಬೇಡಿ. ಹೌದೋ ಅಲ್ಲವೋ ಎಂಬ ಅರ್ಥದ 'ವೆದರ್' ಬಂದಾಗ ಹಾಗಲ್ಲ. 'ಒಪಿನಿಯನ್ ಆನ್ ವೆದರ್' ಎಂದು 'ಆನ್' ಉಳಿಯುತ್ತದೆ.

• 'ಟು' ಎರಡು ಜಾತಿ ಎಂದು ಮರೆಯಬೇಡಿ. 'ಐ ವಾಂಟ್ ಟು ಗೋ' ಎಂಬಲ್ಲಿನ 'ಟು' ಕ್ರಿಯಾಪದದ ಸಂಗಾತಿ. 'ಆಬ್ಜೆಕ್ಷನ್ ಟು' ಎಂಬಲ್ಲಿನದು ಪ್ರಿಪೊಸಿಷನ್. ಅದರ ಮುಂದೆ ನಾಮಪದವೋ 'ಇಂಗ್' ರೂಪವೋ ಬರಬೇಕು. ಎನ್‌ಒಸಿಯ ಆ ಕೆಂಪು ಗೆರೆಗೆ ಕಾರಣ ಇದೇ. 'ವಿತ್ ಎ ವ್ಯೂ ಟು' ಎಂಬುದಕ್ಕೂ ಇದೇ ಕಟ್ಟಳೆ: 'ವಿತ್ ಎ ವ್ಯೂ ಟು ಇಂಪ್ರೂವಿಂಗ್', 'ಟು ಇಂಪ್ರೂವ್' ಅಲ್ಲ. ಸಂದೇಹ ಬಂದರೆ 'ಟು' ಆದಮೇಲೆ 'ಇಟ್' ಎಂದು ಇಟ್ಟು ನೋಡಿ. 'ಆಬ್ಜೆಕ್ಷನ್ ಟು ಇಟ್' ಕಿವಿಗೆ ಕೂಡುತ್ತದೆ, ಹಾಗಾದರೆ ಅದು ಪ್ರಿಪೊಸಿಷನ್.

• ಸಾಲಿನ ಕೊನೆಗೆ ಬಂದ ಪ್ರಿಪೊಸಿಷನ್ನನ್ನು ಉದುರಿಸಬೇಡಿ. 'ಎ ಪ್ಲಾನ್ ಐ ಹ್ಯಾವ್ ನೋ ಕಾನ್ಫಿಡೆನ್ಸ್ ಇನ್' ಎಂಬಲ್ಲಿ ಕೊನೆಯ 'ಇನ್' ಇರಲೇಬೇಕು. ಕೊನೆಯಲ್ಲಿ ಬರಬಾರದೆಂದು ಹಳೆಯ ಮಾಸ್ತರರು ಹೇಳಿದ್ದು ಉಂಟು. ಅದು ಬರೆಯುವವರ ರುಚಿಯ ಮಾತು, ವ್ಯಾಕರಣದ ತಪ್ಪೇನಲ್ಲ. ಬೇಕಿದ್ದರೆ 'ಇನ್ ವಿಚ್' ಎಂದು ಮುಂದಕ್ಕೆ ತನ್ನಿ. ಬಿಟ್ಟುಬಿಟ್ಟರೆ ಮಾತ್ರ ಅಂಕ ಹೋಗುತ್ತದೆ.

• ನಾಮಪದದ ಮುಂದೆ ನಿಲ್ಲುವವರನ್ನೂ ಗಮನಿಸಿ. 'ಇನ್ ಮೈ ಒಪಿನಿಯನ್', 'ಇನ್ ಮೈ ವ್ಯೂ', 'ಫ್ರಮ್ ಮೈ ಪಾಯಿಂಟ್ ಆಫ್ ವ್ಯೂ', 'ಟು ಮೈ ಮೈಂಡ್' ಎಲ್ಲ ಸರಿ. 'ಆಸ್ ಪರ್ ಮೈ ಒಪಿನಿಯನ್' ಬೇಡ. 'ಅಕಾರ್ಡಿಂಗ್ ಟು' ಬೇರೆಯವರ ಮಾತು ಹೇಳುವುದಕ್ಕೆ. 'ಅಕಾರ್ಡಿಂಗ್ ಟು ಮಿ' ಎಂದು ನಿಮ್ಮದೇ ಮಾತಿಗೆ ನೀವೇ ಸಾಕ್ಷಿ ಹೇಳಬೇಡಿ. 'ಇನ್ ಮೈ ಒಪಿನಿಯನ್' ಎಂದಮೇಲೆ ಮತ್ತೆ 'ಐ ಥಿಂಕ್' ಎನ್ನುವುದೂ ದಂಡ.

• 'ಇನ್ ಪ್ರಿನ್ಸಿಪಲ್' ಬೇರೆ, 'ಆನ್ ಪ್ರಿನ್ಸಿಪಲ್' ಬೇರೆ. ಹೊಸ ಲೈನಿಗೆ ತಾತ್ವಿಕ ಒಪ್ಪಿಗೆ ಸಿಕ್ಕಿತೆಂದರೆ 'ಇನ್ ಪ್ರಿನ್ಸಿಪಲ್' ಒಪ್ಪಿದ್ದಾರೆ, ವಿವರ ಇನ್ನೂ ಬಾಕಿ. ಲಂಚ ಕೊಡುವುದಿಲ್ಲ ಎಂದು ನೀತಿಗಾಗಿ ನಿಂತರೆ ಅದು 'ಆನ್ ಪ್ರಿನ್ಸಿಪಲ್'.

• 'ವಿತ್ ರಿಗಾರ್ಡ್ ಟು', 'ರಿಗಾರ್ಡಿಂಗ್', 'ಆಸ್ ರಿಗಾರ್ಡ್ಸ್'. ಮೂರೂ ಸರಿ. ಇವುಗಳ ಕಲಬೆರಕೆಯಾದ 'ರಿಗಾರ್ಡಿಂಗ್ ಟು' ತಪ್ಪು. 'ವಿತ್ ರಿಗಾರ್ಡ್ಸ್' ಪತ್ರದ ಕೊನೆಯಲ್ಲಿ ಸಹಿಯ ಮೇಲಿರಲಿ.

ಕಲಿಯುವ ಬಗೆ

• ಅರ್ಥ ಮಾತ್ರ ಕೊಡುವ ನಿಘಂಟು ಸಾಲದು. ಕಲಿಯುವವರಿಗೆಂದೇ ಮಾಡಿದ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಇಟ್ಟುಕೊಳ್ಳಿ, ಹಳೆಯ ಪ್ರತಿಯಾದರೂ ನಡೆದೀತು. ಎ. ಎಸ್. ಹಾರ್ನ್‌ಬಿ ಎಂಬವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ, ಇಂಗ್ಲಿಷ್ ತಾಯ್ನುಡಿಯಲ್ಲದವರು ಎಲ್ಲಿ ಎಡವುತ್ತಾರೆಂದು ಕಂಡು ಸಿದ್ಧಪಡಿಸಿದ್ದು ಅದು. 1942ರಲ್ಲಿ ಅಲ್ಲೇ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್ ಪ್ರೆಸ್ ಹೊರತಂದಿತು. ಅದರಲ್ಲಿ ಶಬ್ದದ ಬದಲಿಗೆ ಅಲೆಯಂಥ ಚಿಕ್ಕ ಗೆರೆ ಹಾಕಿ, ಅದರ ಪಕ್ಕಕ್ಕೆ ಪ್ರಿಪೊಸಿಷನ್ ಅಚ್ಚು ಮಾಡಿರುತ್ತಾರೆ. ಅರ್ಥ ಓದುವ ಮೊದಲು ಆ ಗೆರೆಯ ಪಕ್ಕ ಏನಿದೆ ಎಂದು ನೋಡುವ ಚಟ ಹಚ್ಚಿಕೊಳ್ಳಿ.

• ರೆನ್ ಅಂಡ್ ಮಾರ್ಟಿನ್ ವ್ಯಾಕರಣದಲ್ಲೂ ಇಂಥ ನಾಮಪದಗಳ ಪಟ್ಟಿ ಇದೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಉರು ಹೊಡೆಯಬೇಡಿ. ಮೇಲೆ ಹೇಳಿದಂತೆ 'ಗೆ' ಗುಂಪು, 'ಬಗ್ಗೆ' ಗುಂಪು, ಷಷ್ಠಿ ಗುಂಪು, 'ಮೇಲೆ' ಗುಂಪು ಎಂದು ನಾಲ್ಕು ಪುಟ ಮಾಡಿ, ಪ್ರತಿ ಶಬ್ದವನ್ನೂ ಅದರ ಕನ್ನಡದ ಮನೆಗೆ ಸೇರಿಸಿ. 'ಮೇಲೆ' ಪುಟವೇ ಹೆಚ್ಚು ಹಿಂಸೆ ಕೊಡುತ್ತದೆ, ಅದಕ್ಕೇ ಹೆಚ್ಚು ಸಮಯ ಕೊಡಿ.

• ಪುಸ್ತಕಗಳ ಹೆಸರನ್ನು ನೆನಪಿನ ಗೂಟ ಮಾಡಿಕೊಳ್ಳಿ. ಡಾ. ಬಿ. ಆರ್. ಅಂಬೇಡ್ಕರ್ ಈ ಭಾಗಕ್ಕೆ ಹೊಸಬರಲ್ಲ. 1935ರ ಅಕ್ಟೋಬರ್ 13ರಂದು ಪಕ್ಕದ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದರು. 1938ರ ಫೆಬ್ರವರಿಯಲ್ಲಿ ನಮ್ಮ ಮನ್ಮಾಡಿನಲ್ಲೇ ಜಿಐಪಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ದುಡಿಯುವವರಿಗೆ ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ಶತ್ರುಗಳೆಂದರು. ಅವರು 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆದ ಪುಸ್ತಕದ ಹೆಸರು 'ಥಾಟ್ಸ್ ಆನ್ ಲಿಂಗ್ವಿಸ್ಟಿಕ್ ಸ್ಟೇಟ್ಸ್'. ಮರಾಠಿ ನೆಲದಲ್ಲಿ ಕನ್ನಡ ಮಾತಾಡುವ ನೀವು ಓದಲೇಬೇಕಾದ ಪುಸ್ತಕ, ಜೊತೆಗೆ 'ಥಾಟ್ಸ್ ಆನ್' ಎಂದೆಂದಿಗೂ ಮರೆಯುವುದಿಲ್ಲ. 1936ರ 'ಅನ್ನಿಹಿಲೇಷನ್ ಆಫ್ ಕಾಸ್ಟ್' ಷಷ್ಠಿ ಗುಂಪಿನ 'ಆಫ್' ನೆನಪಿಸುತ್ತದೆ.

• ಇಂಗ್ಲಿಷ್ ಪತ್ರಿಕೆಯ ತಲೆಬರಹವನ್ನು ಬಿಡಿಸಿ ನೋಡಿ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು, 2024ರ ಮೇ ತಿಂಗಳಲ್ಲಿ ನಿಷೇಧ ತೆಗೆಯಿತು. ನಡುವಿನ ತಿಂಗಳುಗಳಲ್ಲಿ ಲಾಸಲಗಾಂವ್ ಪೇಟೆಯ ಸುದ್ದಿಯನ್ನು ಇಂಗ್ಲಿಷಿನಲ್ಲಿ ಹೀಗೆ ಹೇಳಬಹುದು: 'ಫಾರ್ಮರ್ಸ್ ಆಪೊಸಿಷನ್ ಟು ದ ಬ್ಯಾನ್ ಆನ್ ಆನಿಯನ್ ಎಕ್ಸ್‌ಪೋರ್ಟ್ಸ್'. ರೈತರ ವಿರೋಧ ಯಾವುದಕ್ಕೆ? ನಿಷೇಧಕ್ಕೆ, ಅಂದರೆ 'ಟು'. ನಿಷೇಧ ಯಾವುದರ ಮೇಲೆ? ರಫ್ತಿನ ಮೇಲೆ, ಅಂದರೆ 'ಆನ್'. ನಮ್ಮ 'ಮೇಲೆ'ಯೂ ಅವರ 'ಆನ್'ನೂ ಕೈ ಕೂಡಿಸುವ ಅಪರೂಪದ ಕಡೆ ಇದೊಂದು. ದಿನಕ್ಕೊಂದು ತಲೆಬರಹವನ್ನು ಹೀಗೆ ಕನ್ನಡದ ಪ್ರಶ್ನೆ ಕೇಳಿಕೊಂಡು ಬಿಡಿಸಿದರೆ ಕೋಚಿಂಗ್ ಕ್ಲಾಸಿನ ಫೀಸು ಅಷ್ಟರಮಟ್ಟಿಗೆ ಉಳಿದೀತು.

• ತೀರಾ ತೋಚದೆ ಹೋದರೆ 'ಅಬೌಟ್' ಹಾಕಿ ಮುಂದೆ ಸಾಗಿ. ಒಪಿನಿಯನ್, ವ್ಯೂ, ಐಡಿಯಾ, ಡೌಟ್, ಫೀಲಿಂಗ್, ಕಂಪ್ಲೇಂಟ್, ಅಡ್ವೈಸ್, ಡಿಸ್ಕಷನ್ ಎಲ್ಲದರ ಜೊತೆಗೂ ಅದು ಹೊಂದಿಕೊಳ್ಳುತ್ತದೆ. ಆದರೆ ನಂಬಿಕೆಯ ನಾಲ್ಕು ಶಬ್ದಗಳಿಗೂ 'ಟು' ಗುಂಪಿಗೂ ಇದನ್ನು ಹಾಕಬೇಡಿ. ಮಾತಾಡುವಾಗ ಈ ಉಪಾಯ ನಡೆಯುತ್ತದೆ, ಬರೆಯುವಾಗ ನಿಘಂಟು ತೆಗೆಯಿರಿ.

• ಮಾತಾಡುವಾಗ ಪ್ರಿಪೊಸಿಷನ್ ನೆನೆಯುತ್ತಾ ಬಾಯಿ ಕಟ್ಟಿಕೊಂಡು ಕೂರಬೇಡಿ. ನಾಲ್ಕು ಭಾಷೆಯಲ್ಲಿ ವ್ಯವಹಾರ ಮಾಡುವವರು ನೀವು. ಇಂಗ್ಲಿಷಿನಲ್ಲಿ ಒಂದು 'ಆನ್' ಹೆಚ್ಚುಕಡಿಮೆ ಆದರೆ ಯಾರ ಮುಂದೂ ತಲೆ ತಗ್ಗಿಸಬೇಕಾಗಿಲ್ಲ. ತಿದ್ದಿಕೊಳ್ಳುವ ಕೆಲಸ ಕಾಗದದ ಮೇಲೆ ನಡೆಯಲಿ.

• ಇವತ್ತೇ ಶುರು ಮಾಡಿ. ಊಟವಾದ ಮೇಲೆ ಐದು ಸಾಲು ಬರೆಯಿರಿ: ನೀವು ಯಾವುದನ್ನು ನಂಬುತ್ತೀರಿ, ಯಾವುದಕ್ಕೆ ನಿಮ್ಮ ಆಕ್ಷೇಪ, ಯಾರ ಬಗ್ಗೆ ಗೌರವ, ಯಾವ ವಿಷಯದಲ್ಲಿ ಅನುಮಾನ, ಯಾವುದಕ್ಕೆ ಬೆಂಬಲ. ಕ್ರಮವಾಗಿ ಇನ್, ಟು, ಫಾರ್, ಅಬೌಟ್, ಫಾರ್ ಬಂದಿರಬೇಕು. ಎಲ್ಲಾದರೂ 'ಆನ್' ನುಸುಳಿದ್ದರೆ ಅದರ ಪಕ್ಕಕ್ಕೆ ನಿಮ್ಮ ಕನ್ನಡದ ಸಾಲನ್ನೂ ಬರೆಯಿರಿ; ಅಲ್ಲೊಂದು 'ಮೇಲೆ' ಕೂತಿರುವುದು ಸಿಕ್ಕೇ ಸಿಗುತ್ತದೆ. ಭಾನುವಾರ ಆ ಹಾಳೆಗಳನ್ನು ನನ್ನ ಹತ್ತಿರ ತನ್ನಿ. ಕೆಂಪು ಪೆನ್ನು ನನ್ನ ಬಳಿ ಇದೆ.